ಸ್ವಿಚ್ಚಿನ ಹಿಂದಿರುವ ಸೂರ್ಯ

ಮಕ್ಕಳೇ, ನಿಮ್ಮ ಮನೆಯ ಫ್ಯಾನು ತಿರುಗುವುದು ಯಾವುದರಿಂದ? ‘ಕರೆಂಟಿನಿಂದ’ ಎನ್ನುತ್ತೀರಿ. ಕರೆಂಟು ಎಲ್ಲಿಂದ ಬಂತು? ಕಂಬದಿಂದ. ಕಂಬಕ್ಕೆ ಎಲ್ಲಿಂದ ಬಂತು? ಹೀಗೆ ಬಿಡದೆ ಕೇಳುತ್ತಾ ಹೋದರೆ ಶರಾವತಿಯ ಕಣಿವೆ, ರಾಯಚೂರಿನ ಕಲ್ಲಿದ್ದಲ ರಾಶಿ, ಪಾವಗಡದ ಬಯಲು ಎಲ್ಲವನ್ನೂ ಸುತ್ತಿ ಬರಬೇಕಾಗುತ್ತದೆ. ಬನ್ನಿ, ಇವತ್ತು ಆ ದಾರಿ ಹಿಡಿಯೋಣ. ಅಜ್ಜ, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಕಥೆಯ ಅರ್ಧ ಭಾಗ ಅವರ ಕಣ್ಣೆದುರೇ ನಡೆದದ್ದು.

ವೇಷ ಬದಲಿಸುವ ಶಕ್ತಿ

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಸೈಕಲ್ಲಿಗೆ ಡೈನಮೊ ಇರುತ್ತಿತ್ತು. ಬಾಟಲಿಯಾಕಾರದ ಆ ಪುಟ್ಟ ಯಂತ್ರವನ್ನು ಚಕ್ರಕ್ಕೆ ತಾಗಿಸಿದರೆ ಮುಂದಿನ ದೀಪ ಹೊತ್ತಿಕೊಳ್ಳುತ್ತಿತ್ತು. ಆದರೆ ತಾಗಿಸಿದ ಕೂಡಲೇ ಪೆಡಲು ಭಾರವಾಗುತ್ತಿತ್ತು! ದೀಪದ ಬೆಳಕು ಬಿಟ್ಟಿ ಬಂದದ್ದಲ್ಲ, ನನ್ನ ಕಾಲಿನ ಶಕ್ತಿಯಿಂದ ಬಂದದ್ದು. ಕಾಲಿಗೆ ಶಕ್ತಿ ಬೆಳಿಗ್ಗೆ ತಿಂದ ರೊಟ್ಟಿಯಿಂದ, ರೊಟ್ಟಿಯ ಜೋಳಕ್ಕೆ ಅದು ಬಿಸಿಲಿನಿಂದ.

ವಿಜ್ಞಾನದ ದೊಡ್ಡ ನಿಯಮವೊಂದು ಇಲ್ಲಿದೆ. ಶಕ್ತಿಯನ್ನು ಹೊಸದಾಗಿ ಸೃಷ್ಟಿಸಲಾಗದು, ನಾಶ ಮಾಡಲೂ ಆಗದು. ಅದು ರೂಪ ಬದಲಿಸುತ್ತದೆ, ಅಷ್ಟೆ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಒಂದೇ ರಾತ್ರಿ ಎರಡು ವೇಷ ಕಟ್ಟುವುದಿಲ್ಲವೇ, ಹಾಗೆ. ಮಿಕ್ಸಿಯಲ್ಲಿ ವಿದ್ಯುತ್ತು ಚಲನೆಯಾಗುತ್ತದೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಶಾಖವಾಗುತ್ತದೆ. ಪ್ರತಿ ಸಲ ರೂಪ ಬದಲಿಸುವಾಗಲೂ ಒಂದಷ್ಟು ಪಾಲು ಬೇಡದ ಶಾಖವಾಗಿ ಸೋರಿಹೋಗುತ್ತದೆ. ಚಟ್ನಿ ರುಬ್ಬಿದ ಮೇಲೆ ಮಿಕ್ಸಿಯ ತಳ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ.

ಬೀಳುವ ನೀರು

ಕರ್ನಾಟಕಕ್ಕೆ ವಿದ್ಯುತ್ತನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೊಟ್ಟವಳು ಕಾವೇರಿ. 1902ರಲ್ಲಿ ಶಿವನಸಮುದ್ರದ ಬಳಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು.

ಕಡಲ ನೀರನ್ನು ಮೋಡವಾಗಿಸಿ ಘಟ್ಟದ ಮೇಲಕ್ಕೆ ಹೊರುವುದು ಸೂರ್ಯ. ಆ ನೀರು ಕೆಳಗೆ ಬೀಳುವಾಗ ಟರ್ಬೈನ್ ತಿರುಗಿಸುತ್ತದೆ. ಟರ್ಬೈನಿಗೆ ಜೋಡಿಸಿದ ಜನರೇಟರು ನನ್ನ ಡೈನಮೊದ ದೊಡ್ಡಪ್ಪ!

ಒಂದು ಲೆಕ್ಕ ಹೇಳುತ್ತೇನೆ. ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಸುಮಾರು 1,500 ಲೀಟರ್ ನೀರು ಬಿದ್ದರೆ, ಏನೂ ಸೋರದೆ ಎಲ್ಲವೂ ವಿದ್ಯುತ್ತಾದರೆ, ಸಿಗುವುದು ಒಂದೇ ಯೂನಿಟ್. ಮನೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಒಂದೂವರೆ ಸಲ ತುಂಬುವಷ್ಟು ನೀರು!

ಮಳೆ ಪ್ರತಿ ವರ್ಷ ಬರುತ್ತದೆ, ಆದ್ದರಿಂದ ಇದು ನವೀಕರಿಸಬಹುದಾದ ಶಕ್ತಿ. ಹಾಗೆಂದು ಬಿಟ್ಟಿಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿಯನ್ನು ನಿಲ್ಲಿಸಿದಾಗ ಅಡಿಕೆ ತೋಟ, ಗದ್ದೆ, ದೇವಸ್ಥಾನ, ಕಾಡು ನೀರಿನಡಿಗೆ ಹೋದವು. ಸಾವಿರಾರು ಕುಟುಂಬಗಳು ಊರು ಬಿಟ್ಟವು. ಹೋದ ಜಾಗದ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳ ಕಾಲದವರೆಗೂ ಓಡಾಡಿದವರಿದ್ದಾರೆ. ನಾಡಿನ ಬೆಳಕಿಗೆ ಅವರು ತೆತ್ತ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ.

ಮುಗಿದುಹೋಗುವ ಗಂಟು

ಮಳೆ ಕೈಕೊಟ್ಟ ವರ್ಷ ಏನು ಗತಿ? ಕೃಷ್ಣೆಯ ದಡದಲ್ಲಿ, ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನ ವಿದ್ಯುತ್ ತಯಾರಾಗುತ್ತಿದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿ ಇಲ್ಲ. ಹೊರಗಿನಿಂದ ರೈಲಿನಲ್ಲಿ ತರಬೇಕು. ಕಲ್ಲಿದ್ದಲು ಉರಿದು ನೀರು ಹಬೆಯಾಗುತ್ತದೆ, ಹಬೆ ಟರ್ಬೈನ್ ತಿರುಗಿಸುತ್ತದೆ. ಒಂದು ಯೂನಿಟ್ಟಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಅದರ ಶಾಖದಲ್ಲಿ ವಿದ್ಯುತ್ತಾಗುವುದು ಹೆಚ್ಚೂ ಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ.

ಕಲ್ಲಿದ್ದಲೂ ಸೂರ್ಯನ ಮಗುವೇ. 25 ಕೋಟಿ ವರ್ಷಗಳಿಗೂ ಹಿಂದೆ ಬಿಸಿಲು ಕುಡಿದು ಬೆಳೆದ ಗಿಡಮರಗಳು ಕೆಸರಿನಲ್ಲಿ ಹೂತು ಕಲ್ಲಿದ್ದಲಾದವು. ಪೆಟ್ರೋಲು, ಡೀಸೆಲ್ ಕೂಡ ಹೀಗೆ ಹಳೆಯ ಜೀವಿಗಳಿಂದ ಬಂದವು. ಕೋಟಿಗಟ್ಟಲೆ ವರ್ಷ ಕೂಡಿಟ್ಟ ಗಂಟನ್ನು ನಾವು ಕೆಲವು ತಲೆಮಾರಿನಲ್ಲೇ ಕರಗಿಸುತ್ತಿದ್ದೇವೆ. ಜೊತೆಗೆ ಅದರ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿ ಮಾಡುತ್ತಿದೆ. ಕೈಗಾದ ಅಣುಸ್ಥಾವರದಲ್ಲಿ ಹೊಗೆಯಿಲ್ಲ, ಆದರೆ ಅಲ್ಲಿ ಬಳಸುವ ಯುರೇನಿಯಂ ಕೂಡ ಒಂದು ದಿನ ಮುಗಿಯುವಂಥದ್ದೇ. ಅದರ ತ್ಯಾಜ್ಯವನ್ನು ಬಹುಕಾಲ ಕಾಯಬೇಕು.

ಬಿಸಿಲಿನ ಬೆಳೆ

ಈಗ ತುಮಕೂರು ಜಿಲ್ಲೆಯ ಪಾವಗಡಕ್ಕೆ ಬನ್ನಿ. ಬರಗಾಲಕ್ಕೆ ಹೆಸರಾದ ತಾಲ್ಲೂಕು. ಇಲ್ಲಿನ ಸುಮಾರು 13,000 ಎಕರೆಯಲ್ಲಿ ಈಗ ಸೌರಫಲಕಗಳಿವೆ. ಇದರ ಸಾಮರ್ಥ್ಯ 2,050 ಮೆಗಾವಾಟ್. ಸೂರ್ಯನಿಂದ ಹೊರಟು ಎಂಟು ನಿಮಿಷಕ್ಕೆ ಭೂಮಿ ಮುಟ್ಟುವ ಬೆಳಕು ಇಲ್ಲಿ ಟರ್ಬೈನಿನ ಗೊಡವೆಯಿಲ್ಲದೆ ನೇರ ವಿದ್ಯುತ್ತಾಗುತ್ತದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ವರ್ಷವರ್ಷ ಬಾಡಿಗೆ ಬರುತ್ತದೆ. ಆದರೆ ಸ್ವಂತ ಜಮೀನಿಲ್ಲದೆ ಹೊಲದ ಕೂಲಿಯನ್ನೇ ನಂಬಿದ್ದವರಿಗೆ ಕೆಲಸ ಕಡಿಮೆಯಾಯಿತು. ಅಂದರೆ ಹೊಗೆಯಿಲ್ಲದ ವಿದ್ಯುತ್ತಿಗೂ ಲೆಕ್ಕ ಕೇಳಬೇಕು.

ಸಂಜೆ ಏಳಕ್ಕೆ ಮನೆಮನೆಯಲ್ಲಿ ದೀಪ ಹೊತ್ತುವಾಗ ಸೂರ್ಯ ಮುಳುಗಿರುತ್ತಾನೆ, ಅದು ಇನ್ನೊಂದು ತೊಡಕು. ಚಿತ್ರದುರ್ಗ, ಗದಗದ ಗುಡ್ಡಗಳ ಗಾಳಿಯಂತ್ರಗಳು ರಾತ್ರಿಯೂ ತಿರುಗಬಲ್ಲವು. ಮೋಡ ಕವಿಯುವ ಮುಂಗಾರಿನಲ್ಲೇ ಅವಕ್ಕೆ ಸುಗ್ಗಿ. ಇನ್ನೊಂದು ಉಪಾಯ, ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ ರಾತ್ರಿ ಕೆಳಗೆ ಬಿಡುವುದು. ಶರಾವತಿ ಕಣಿವೆಯಲ್ಲಿ ಇಂಥ ಯೋಜನೆ ಬೇಕೆನ್ನುವವರೂ ಇದ್ದಾರೆ, ಮಳೆಕಾಡಿಗೆ ಪೆಟ್ಟು ಬೀಳುತ್ತದೆ ಎಂದು ವಿರೋಧಿಸುವವರೂ ಇದ್ದಾರೆ. ಇಂಥ ಪ್ರಶ್ನೆಗಳಿಗೆ ಮುಂದೆ ಉತ್ತರ ಹೇಳಬೇಕಾದವರು ನೀವೇ.

ಈ ಭಾನುವಾರದ ಕೆಲಸ

ನನ್ನ ಅನುಭವದಲ್ಲಿ, ತಾನೇ ಲೆಕ್ಕ ಹಾಕಿದ ಮಗು ಹೇಳಿಸಿಕೊಳ್ಳದೆ ಸ್ವಿಚ್ ಆರಿಸುತ್ತದೆ. ಅದಕ್ಕೇ ಈ ಕೆಲಸ. ಅಜ್ಜನ ಜೊತೆ ಮೀಟರಿನ ಅಂಕಿ ಬರೆದುಕೊಳ್ಳಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ವ್ಯತ್ಯಾಸವೇ ನೀವು ಬಳಸಿದ ಯೂನಿಟ್. ಪ್ರತಿ ಯೂನಿಟ್ಟಿಗೂ ಜೋಗದ ಎತ್ತರದಿಂದ ಬೀಳುವ 1,500 ಲೀಟರ್ ನೀರನ್ನು ನೆನೆಯಿರಿ. 60 ವಾಟಿನ ಹಳೆಯ ಬಲ್ಬು ಒಂದು ಯೂನಿಟ್ಟಿನಲ್ಲಿ 16 ಗಂಟೆಗೆ ಸ್ವಲ್ಪ ಹೆಚ್ಚು ಉರಿಯುತ್ತದೆ. 9 ವಾಟಿನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ.

ಕೊನೆಗೆ ಅಜ್ಜಿಯನ್ನು ಕೇಳಿ: ನಿಮ್ಮೂರಿಗೆ ಕರೆಂಟು ಬಂದದ್ದು ಯಾವಾಗ? ಅದಕ್ಕೆ ಮೊದಲು ಹಿಟ್ಟು ಬೀಸುತ್ತಿದ್ದುದು ಹೇಗೆ, ನೀರು ಸೇದುತ್ತಿದ್ದುದು ಯಾರು? ಅವರು ಹೇಳಿದ್ದನ್ನು ಮೀಟರಿನ ಅಂಕಿಯ ಪಕ್ಕದಲ್ಲೇ ಬರೆದಿಡಿ.