ಸ್ಥಳಪರಿಶೀಲನೆಗೆ ಮುನ್ನ: ಸ್ವಯಂಚಾಲನ ಯೋಜನೆಯಲ್ಲಿ ಕಾರ್ಖಾನೆಯ ಒಳಸಿದ್ಧತೆ

ಕೈಯಿಂದ ನಡೆಯುತ್ತಿರುವ ಕೆಲಸವೊಂದನ್ನು ಸ್ವಯಂಚಾಲಿತ ಯಂತ್ರಕ್ಕೆ ಒಪ್ಪಿಸಬೇಕೆಂದು ಕಾರ್ಖಾನೆಯ ಆಡಳಿತದವರು ನಿಶ್ಚಯಿಸಿದ ಮೇಲೆ ಸಾಮಾನ್ಯವಾಗಿ ಮೊದಲು ನಡೆಯುವ ಕಾರ್ಯವೆಂದರೆ ಸ್ಥಳಪರಿಶೀಲನೆ. ಅಂಥ ವ್ಯವಸ್ಥೆಯನ್ನು ಕಟ್ಟಿಕೊಡುವ ಸಂಸ್ಥೆಯ ಇಂಜಿನಿಯರುಗಳು ಬಂದು, ನೆಲವನ್ನು ಅಳೆದು, ಯಂತ್ರಗಳನ್ನು ನೋಡಿ, ಛಾಯಾಚಿತ್ರಗಳನ್ನು ತೆಗೆದುಕೊಂಡು, ನಾಲ್ಕಾರು ಪ್ರಶ್ನೆಗಳನ್ನು ಕೇಳಿ ಹಿಂದಿರುಗುತ್ತಾರೆ. ಕೆಲವು ವಾರಗಳ ಅನಂತರ ನಕ್ಷೆಯೂ ಬೆಲೆಯೂ ಕೂಡಿದ ಪ್ರಸ್ತಾವವೊಂದು ಬರುತ್ತದೆ. ಮುಂದೆ ಆಗುವ ಸಮಸ್ತಕ್ಕೂ ಆ ಒಂದೆರಡು ದಿನಗಳ ನೋಟವೇ ತಳಹದಿ. ಹೀಗಿದ್ದರೂ ಆ ದಿನಕ್ಕೆ ಮುಂಚೆ ಕಾರ್ಖಾನೆಯವರು ತಮ್ಮೊಳಗೆ ಮಾಡಿಕೊಳ್ಳಬೇಕಾದ ಸಿದ್ಧತೆಯ ಮಾತು ನಮ್ಮ ತರಗತಿಗಳಲ್ಲಿ ಅಪರೂಪ. ವಿದ್ಯಾರ್ಥಿಗಳು ಯಂತ್ರಬಾಹುವಿನ ಚಲನೆಯ ಸಮೀಕರಣಗಳನ್ನು ಬಲ್ಲರು. ಅದನ್ನು ನಿಲ್ಲಿಸಬೇಕಾದ ಜಾಗದಲ್ಲಿ ಇಂದು ಏನು ನಡೆಯುತ್ತಿದೆಯೆಂಬುದನ್ನು ತಿಳಿಯುವ ಬಗೆಯನ್ನು ಅವರಿಗೆ ನಾವು ಕಲಿಸಿರುವುದು ಕಡಮೆ. ಈ ಲೇಖನದಲ್ಲಿ ಆ ವಿಷಯವನ್ನು ಕುರಿತು ವಿವೇಚಿಸುತ್ತೇವೆ.

ಪರಿಶೀಲಕರು ಎಷ್ಟೇ ನಿಪುಣರಾಗಿರಲಿ, ಅವರ ಕಣ್ಣಿಗೆ ಬೀಳುವುದು ಅಂದು ಅಲ್ಲಿ ನಡೆದುದು ಮಾತ್ರ. ಕಾರ್ಖಾನೆಯಾದರೋ ಪಾಳಿಯಿಂದ ಪಾಳಿಗೆ, ಬೇಸಗೆಯಿಂದ ಮಳೆಗಾಲಕ್ಕೆ ಬೇರೆಬೇರೆಯಾಗಿ ನಡೆಯತಕ್ಕದ್ದು. ಈ ಹೆಚ್ಚುಕಡಮೆಗಳನ್ನೆಲ್ಲ ಅಲ್ಲಿಯ ಕೆಲಸಗಾರನು ತನ್ನ ಕೈಯಿಂದಲೂ ಕಣ್ಣಿನಿಂದಲೂ ಸರಿದೂಗಿಸುತ್ತ ಬರುತ್ತಾನೆ. ಹೀಗೆ ಸರಿದೂಗಿಸುವ ಕ್ರಮವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಅನೇಕ ವೇಳೆ ಮಾಡುವವನಿಗೇ ತಾನು ಅದನ್ನು ಮಾಡುತ್ತಿದ್ದೇನೆಂಬ ಅರಿವಿರುವುದಿಲ್ಲ. ಹೊರಗಿನವರು ಬರುವುದಕ್ಕೆ ಮೊದಲೇ ಒಳಗಿನವರು ಅದನ್ನು ಕಂಡುಕೊಂಡು ಬರೆದಿಡಬೇಕು. ನಮ್ಮ ಮತದಲ್ಲಿ ಒಳಸಿದ್ಧತೆಯೆಂದರೆ ಮುಖ್ಯವಾಗಿ ಇದೇ. ಉಳಿದುದೆಲ್ಲ ಇದರ ಪರಿವಾರ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ಸಿ.ಎನ್.ಸಿ. ಲೇತುಗಳ ಮೇಲೆ ಉಕ್ಕಿನ ಭಾಗಗಳನ್ನು ಕಡೆದುಕೊಡುವ ಸಣ್ಣ ಕಾರ್ಖಾನೆಗಳು ಬಹಳವಾಗಿವೆ. ಅಂಥದೊಂದರಲ್ಲಿ ಲೇತಿಗೆ ತುಂಡನ್ನು ಹಾಕಿ ತೆಗೆಯುವ ಕೆಲಸವನ್ನು ರೋಬೋ ಎಂದು ಕರೆಯಲ್ಪಡುವ ಯಂತ್ರಬಾಹುವಿಗೆ ಒಪ್ಪಿಸಬೇಕಾಗಿದೆಯೆಂದು ಭಾವಿಸೋಣ. ಕಾಗದದ ಮೇಲೆ ಈ ಕೆಲಸ ಬಹು ಸರಳ: ಬಾಗಿಲು ತೆರೆ, ಆದ ತುಂಡನ್ನು ತೆಗೆ, ಹೊಸ ತುಂಡನ್ನು ಚಕ್ಕಿಗೆ ಕೊಡು, ಬಾಗಿಲು ಮುಚ್ಚು. ಆದರೆ ಅಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿದವರಿಗೆ ಬೇರೆಯದೇ ಕಾಣುತ್ತದೆ. ಕೆಲಸಗಾರನು ಬಾಗಿಲನ್ನು ತೆರೆಯುತ್ತಿದ್ದಂತೆಯೇ ಏರ್ ಗನ್ನಿನಿಂದ ಚಕ್ಕಿನ ದವಡೆಗಳ ಮೇಲಿನ ಲೋಹದ ಸಿಪ್ಪೆಯನ್ನು ಊದುತ್ತಾನೆ. ಸಿಪ್ಪೆ ಉಪಕರಣಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ಕೊಕ್ಕೆಯಿಂದ ಎಳೆದುಹಾಕುತ್ತಾನೆ. ತೆಗೆದ ತುಂಡನ್ನು ಬೆಳಕಿಗೆ ಒಮ್ಮೆ ತಿರುಗಿಸಿ ಮೇಲ್ಮೈಯನ್ನು ನೋಡುತ್ತಾನೆ. ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದು ಬರ್ ಎದ್ದಿದೆಯೇ ಎಂದು ತಿಳಿಯುತ್ತಾನೆ. ಹೊಸ ತುಂಡನ್ನು ಎತ್ತಿಕೊಳ್ಳುವಾಗ ತೂಕದಲ್ಲೋ ಆಕಾರದಲ್ಲೋ ಏನಾದರೂ ವಿಪರೀತವೆನಿಸಿದರೆ ಪಕ್ಕಕ್ಕೆ ಎಸೆಯುತ್ತಾನೆ. ಯಂತ್ರ ಕಡೆಯುತ್ತಿರುವಾಗ ಅವನ ಕಿವಿ ಅದರ ಕಡೆಗೇ ಇರುತ್ತದೆ. ಸದ್ದು ಬದಲಾದರೆ ಉಪಕರಣದ ಮೊನೆ ಸವೆಯಿತೆಂದು ಗೊತ್ತು. “ನಿನ್ನ ಕೆಲಸವೇನಪ್ಪ?” ಎಂದು ಕೇಳಿದರೆ ಮಾತ್ರ ಅವನು “ಲೋಡ್ ಮಾಡುವುದು, ಅನ್‌ಲೋಡ್ ಮಾಡುವುದು ಸಾರ್” ಎಂದೇ ಹೇಳುವನು. ಕಾರ್ಖಾನೆಯ ಪ್ರೊಸೆಸ್ ಶೀಟಿನಲ್ಲಿಯೂ ಅಷ್ಟೇ ಇರುತ್ತದೆ.

ಈ ಸಣ್ಣಪುಟ್ಟ ಕ್ರಿಯೆಗಳು ಲೆಕ್ಕವನ್ನು ಎಷ್ಟು ಬದಲಾಯಿಸುತ್ತವೆಂಬುದನ್ನು ಅಂಕಿಗಳಿಂದ ತೋರಿಸಬಹುದು. ಇವು ವಿವರಣೆಗಾಗಿ ನಾವು ಇಟ್ಟುಕೊಂಡ ಅಂಕಿಗಳು. ಪಾಳಿಯೊಂದಕ್ಕೆ 480 ನಿಮಿಷ. ಊಟಕ್ಕೆ 30, ಎರಡು ಸಲದ ಚಹಾಕ್ಕೆ 20 ನಿಮಿಷ ಕಳೆದರೆ ಉಳಿಯುವುದು 430. ಎರಡು ಪಾಳಿಗೆ 860 ನಿಮಿಷ, ಎಂದರೆ 51,600 ಸೆಕೆಂಡು. ದಿನಕ್ಕೆ 600 ತುಂಡುಗಳು ಬೇಕಾದರೆ ಒಂದೊಂದು ತುಂಡಿಗೆ ದೊರೆಯುವ ಅವಧಿ 86 ಸೆಕೆಂಡು. ಕಡೆಯುವುದಕ್ಕೆ 60, ಕೈಕೆಲಸಕ್ಕೆ 20, ಒಟ್ಟು 80 ಸೆಕೆಂಡು ಹಿಡಿಯುತ್ತಿದ್ದರೆ ತುಂಡಿಗೆ 6 ಸೆಕೆಂಡಿನಂತೆ ದಿನಕ್ಕೆ 60 ನಿಮಿಷ ಬಿಡುವು. ನಿಲುಗಡೆಗಳೆಲ್ಲ ಇದರೊಳಗೆ ಅಡಗಬೇಕು. ಯಂತ್ರಬಾಹು ಆ 20 ಸೆಕೆಂಡಿನ ಕೆಲಸವನ್ನು 12ರಲ್ಲಿ ಮುಗಿಸುತ್ತದೆಂದು ಪ್ರಸ್ತಾವ ಹೇಳುತ್ತದೆ. ಹಾಗಾದರೆ ಬಿಡುವು 140 ನಿಮಿಷಕ್ಕೆ ಏರಬೇಕು. ಆದರೆ ಊದುವ ಕೆಲಸವನ್ನೂ ಅದಕ್ಕೆ ಸೇರಿಸಿ 5 ಸೆಕೆಂಡು ಕೊಟ್ಟರೆ ಬಿಡುವು 90 ನಿಮಿಷಕ್ಕೆ ಇಳಿಯುತ್ತದೆ. ಇನ್ನು ಸಿಪ್ಪೆಯ ಸುರುಳಿ. ಅದು ದಿನಕ್ಕೆ 30 ಸಲ ಸುತ್ತಿಕೊಳ್ಳುವುದಾದರೆ, ಪಕ್ಕದಲ್ಲೇ ನಿಂತಿರುವ ಕೆಲಸಗಾರನಿಗೆ ಕೊಕ್ಕೆ ಹಾಕಲು ಪ್ರತಿ ಸಲಕ್ಕೆ 20 ಸೆಕೆಂಡು ಸಾಕು. ದಿನಕ್ಕೆ ಹೋಗುವುದು 10 ನಿಮಿಷ. ಯಂತ್ರಬಾಹು ಬಂದ ಮೇಲೆ ಅದರ ಸುತ್ತ ರಕ್ಷಣೆಯ ಬೇಲಿ ಇರುತ್ತದೆ. ಯಂತ್ರ ನಿಂತದ್ದನ್ನು ಯಾರಾದರೂ ಕಂಡು, ಬಂದು, ಬೇಲಿಯ ಬಾಗಿಲನ್ನು ತೆರೆದು, ಸುರುಳಿಯನ್ನು ತೆಗೆದು, ಮತ್ತೆ ಎಲ್ಲವನ್ನೂ ಚಾಲೂ ಮಾಡುವುದಕ್ಕೆ 4 ನಿಮಿಷವೆಂದರೂ 30 ಸಲಕ್ಕೆ 120 ನಿಮಿಷ. ಇದ್ದ 90 ನಿಮಿಷದ ಬಿಡುವೂ ಹೋಗಿ ಉತ್ಪಾದನೆ ಹಿಂದೆ ಬೀಳುತ್ತದೆ. ಊಟದ ಹೊತ್ತಿನಲ್ಲಿಯೂ ಅದು ದುಡಿಯುತ್ತದೆಯಲ್ಲವೆ ಎಂದು ವಾಚಕರು ಕೇಳಬಹುದು. ದುಡಿಯುವುದೇನೋ ನಿಜ, ಆದರೆ 29 ನಿಮಿಷಕ್ಕೊಮ್ಮೆ ಸುರುಳಿ ಸುತ್ತುವ ಯಂತ್ರವು 30 ನಿಮಿಷದ ಊಟದ ನಡುವೆ ನಿಂತು, ಊಟಕ್ಕೆ ಹೋದವನ ದಾರಿಯನ್ನು ಕಾಯುತ್ತಿರುವ ಸಂಭವವೇ ಹೆಚ್ಚು.

ಸಿಪ್ಪೆಯ ಸುರುಳಿಗೆ ಮದ್ದಿಲ್ಲವೆಂದಲ್ಲ. ಸಿಪ್ಪೆಯನ್ನು ತುಂಡರಿಸುವ ಬಗೆಯ ಇನ್ಸರ್ಟನ್ನು ಹಾಕಿ, ಫೀಡನ್ನು ತಕ್ಕಂತೆ ಬದಲಾಯಿಸಿದರೆ ಅನೇಕ ವೇಳೆ ಸಮಸ್ಯೆ ಬಗೆಹರಿಯುತ್ತದೆ. ಕಾರ್ಖಾನೆಯ ಒಳಗಿನವರೇ ಇದನ್ನು ಪರೀಕ್ಷಿಸಿ ನೋಡಬಹುದು. ಇಷ್ಟು ದಿನ ಯಾರೂ ಮಾಡದಿದ್ದುದಕ್ಕೆ ಕಾರಣವೆಂದರೆ ಕೊಕ್ಕೆಯೊಂದು ಕೈಗೆ ಸಿಕ್ಕುತ್ತಿದ್ದುದು.

ಆದುದರಿಂದ ಪರಿಶೀಲನೆಗೆ ಮುಂಚೆ ಕನಿಷ್ಠ ಎರಡು ವಾರಗಳ ಕಾಲ, ಎಲ್ಲ ಪಾಳಿಗಳಲ್ಲಿಯೂ, ಒಂದು ನೋಟ್‌ಪುಸ್ತಕವನ್ನು ಲೇತಿನ ಬಳಿ ಇಡಬೇಕು. “ಏನಾದರೂ ತೊಂದರೆ ಇದೆಯೆ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ, ರೂಢಿಯಾದ ತೊಂದರೆಯನ್ನು ಯಾರೂ ತೊಂದರೆಯೆಂದು ಎಣಿಸುವುದಿಲ್ಲ. ಹಾಕುವುದು, ತೆಗೆಯುವುದು ಬಿಟ್ಟು ಬೇರೆ ಯಾವುದಕ್ಕಾದರೂ ಕೈ ಒಳಗೆ ಹೋದಾಗಲೆಲ್ಲ ಒಂದು ಗೆರೆ ಎಳೆಯಬೇಕು. ಪಕ್ಕದಲ್ಲಿ ಕಾರಣವನ್ನು ಒಂದು ಮಾತಿನಲ್ಲಿ ಬರೆದರೆ ಸಾಕು. ರಾತ್ರಿಯ ಪಾಳಿಯನ್ನು ಬಿಡಕೂಡದು. ಹಗಲು ಮೇಲ್ವಿಚಾರಕರೂ ಗುಣಪರೀಕ್ಷಕರೂ ಕೈಗೆ ಸಿಗುತ್ತಾರೆ. ರಾತ್ರಿ ಕೆಲಸಗಾರನು ತನ್ನ ಬುದ್ಧಿಯಿಂದಲೇ ಪರಿಹಾರ ಹುಡುಕಿಕೊಳ್ಳುತ್ತಾನೆ.

ಒಳಬರುವ ಸಾಮಗ್ರಿಯ ವಿಷಯವೂ ಹೀಗೆಯೇ. ತುಂಡುಗಳು ಕ್ರೇಟಿನಲ್ಲಿ ಅಡ್ಡಾದಿಡ್ಡಿಯಾಗಿ ರಾಶಿ ಬಿದ್ದಿದ್ದರೂ ಮನುಷ್ಯನ ಕೈಗೆ ಅಡ್ಡಿಯಿಲ್ಲ. ಯಂತ್ರಬಾಹುವಿಗೆ ಅವು ಸಾಲಾಗಿ ಇರಬೇಕು. ಇಲ್ಲವೆ ರಾಶಿಯಿಂದ ಆರಿಸಬಲ್ಲ ಕ್ಯಾಮೆರಾ ವ್ಯವಸ್ಥೆ ಬೇಕು. ಅಂಥವು ಈಗ ದೊರೆಯುತ್ತವೆ, ಆದರೆ ವೆಚ್ಚವೂ ಹೆಚ್ಚು, ತಪ್ಪುವ ಸಂದರ್ಭಗಳೂ ಹೆಚ್ಚು. ಹಾಗಾದರೆ ಸಾಲಾಗಿ ಜೋಡಿಸುವವರು ಯಾರು? ಕೆಲಸ ಉಳಿಯಿತೆಂದು ಲೆಕ್ಕ ಹಾಕಿದವನನ್ನೇ ಟ್ರೇ ತುಂಬಿಸಲು ನೇಮಿಸಬೇಕಾಗಿ ಬಂದರೆ ಉಳಿದುದೇನು? ಎರಡು ಕಡೆಗಳಿಂದ ತುಂಡುಗಳು ಬರುತ್ತಿದ್ದರೆ ಎರಡರ ಅಳತೆಯನ್ನೂ ಬೇರೆಬೇರೆಯಾಗಿ ತೆಗೆದಿಡಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಉಕ್ಕಿನ ತುಂಡುಗಳಿಗೆ ತುಕ್ಕು ಹಿಡಿಯುತ್ತದೆ, ಅಥವಾ ಹಿಡಿಯದಿರಲೆಂದು ಎಣ್ಣೆ ಬಳಿಯುತ್ತಾರೆ. ಎಣ್ಣೆ ಹಚ್ಚಿದ ತುಂಡು ಹಿಡಿಕೆಯಿಂದ ಜಾರುತ್ತದೆ. ಮಾರ್ಚ್ ತಿಂಗಳಲ್ಲಿ ಬಂದ ಪರಿಶೀಲಕರಿಗೆ ಇದು ಹೇಗೆ ತಿಳಿಯಬೇಕು?

ಇದಕ್ಕಿಂತ ಮೂಲಭೂತವಾದ ಪ್ರಶ್ನೆಯೊಂದುಂಟು: ಈ ಕೆಲಸವೇ ಬೇಕೆ? ಇದನ್ನು ಹೊರಗಿನವರು ಕೇಳುವುದು ವಿರಳ; ಅವರನ್ನು ಕರೆದಿರುವುದು ಇರುವ ಕೆಲಸಕ್ಕೆ ಯಂತ್ರ ಮಾಡಿಕೊಡಲು. ಅಮೆರಿಕದ ಟೆಸ್ಲಾ ಮೋಟಾರು ಕಂಪನಿಯ ಮುಖ್ಯಸ್ಥರಾದ ಎಲಾನ್ ಮಸ್ಕ್ ಅವರು 2018ರ ಮೇ ತಿಂಗಳಲ್ಲಿ ಹೂಡಿಕೆದಾರರೊಡನೆ ಮಾತನಾಡುತ್ತ ತಾವೇ ಒಪ್ಪಿಕೊಂಡ ಸಂಗತಿ ಇಲ್ಲಿ ಸ್ಮರಣೀಯ. ಅವರ ಕಾರಿನ ಬ್ಯಾಟರಿ ಪೆಟ್ಟಿಗೆಯ ಮೇಲೆ ಗಾಜಿನ ಎಳೆಯ ಮೆತ್ತನೆಯ ಹಾಸೊಂದನ್ನು ಅಂಟಿಸುತ್ತಿದ್ದರು. ಅದನ್ನು ಎತ್ತಿ ಅಂಟಿಸಲು ಯಂತ್ರವೊಂದನ್ನು ಕಟ್ಟಿದರು. ಮೆತ್ತನೆಯ ವಸ್ತುವನ್ನು ಹಿಡಿಯುವುದು ಯಂತ್ರಕ್ಕೆ ಒಗ್ಗಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಅದು ಸರಿಯಾಗಿ ನಡೆಯಲಿಲ್ಲ. ಕೊನೆಗೆ ಆ ಹಾಸು ಇರುವ ಕಾರನ್ನೂ ಇಲ್ಲದ ಕಾರನ್ನೂ ಪರೀಕ್ಷಿಸಿ ಸದ್ದನ್ನು ಅಳೆದಾಗ ವ್ಯತ್ಯಾಸವೇ ಕಾಣಲಿಲ್ಲವಂತೆ. ಹಾಸನ್ನೇ ತೆಗೆದುಹಾಕಬಹುದಾಗಿತ್ತು. ಪರೀಕ್ಷೆಯೇನೂ ದೊಡ್ಡದಲ್ಲ, ಅದು ಯಂತ್ರಕ್ಕೆ ಮೊದಲು ನಡೆಯಬೇಕಾಗಿತ್ತು, ಅಷ್ಟೆ. ಅಷ್ಟು ದೊಡ್ಡ ಸಂಸ್ಥೆ ಅಂಥ ನಷ್ಟವನ್ನು ಸಹಿಸೀತು. ಸಾಲ ತಂದು ಒಂದೇ ಒಂದು ಯಂತ್ರಬಾಹುವನ್ನು ಕೊಳ್ಳುವ ಸಣ್ಣ ಕಾರ್ಖಾನೆಗೆ ಎರಡನೆಯ ಅವಕಾಶವಿರುವುದಿಲ್ಲ.

ಯಂತ್ರಗಳ ಕಾಗದಪತ್ರಗಳನ್ನು ಕುರಿತು ಸಂಕ್ಷೇಪವಾಗಿ ಹೇಳುತ್ತೇವೆ. ವಿದ್ಯುತ್ ಪ್ಯಾನಲಿನ ನಕ್ಷೆ ಇದ್ದರೂ ಇಪ್ಪತ್ತು ವರ್ಷಗಳಲ್ಲಿ ನಡೆದ ದುರಸ್ತಿಗಳು ಅದರಲ್ಲಿ ಇರುವುದಿಲ್ಲ. ತಂತಿಗಳನ್ನು ಹಿಡಿದು ನೋಡಿ ತಿದ್ದಬೇಕು. ಲೇತಿನ ನಿಯಂತ್ರಕಕ್ಕೆ ಹೊರಗಿನಿಂದ ಸಂಕೇತಗಳನ್ನು ಕೊಡಲು ಖಾಲಿ ಜಾಗಗಳಿವೆಯೆ, ಬಾಗಿಲು ತಾನಾಗಿ ತೆರೆಯುವಂತೆ ಮಾಡಲು ಸಾಧ್ಯವೆ ಎಂಬುದನ್ನು ತಿಳಿದಿಡಬೇಕು. ಹಳೆಯ ಅನೇಕ ನಿಯಂತ್ರಕಗಳಲ್ಲಿ ಯಂತ್ರದ ಪ್ಯಾರಾಮೀಟರುಗಳು ಸಣ್ಣದೊಂದು ಬ್ಯಾಟರಿಯ ಬಲದಿಂದ ಉಳಿದಿರುತ್ತವೆ. ಬ್ಯಾಟರಿ ಸತ್ತರೆ ಅವೂ ಅಳಿಯುತ್ತವೆ. ಯಾರೂ ಮುಟ್ಟುವುದಕ್ಕೆ ಮೊದಲು ಅವುಗಳ ಪ್ರತಿಯೊಂದನ್ನು ತೆಗೆದಿಡುವುದು, ಪಿ.ಎಲ್.ಸಿ. ಇದ್ದಲ್ಲಿ ಅದರ ಪ್ರೋಗ್ರಾಮನ್ನೂ ಗುಪ್ತಪದವನ್ನೂ ಹುಡುಕಿಡುವುದು ಅವಶ್ಯ. ಏರ್ ಕಂಪ್ರೆಸರಿನ ಬಳಿಯ ಒತ್ತಡವನ್ನಲ್ಲ, ಎಲ್ಲ ಯಂತ್ರಗಳೂ ಓಡುತ್ತಿರುವಾಗ ಕೊಳವೆಯ ತುದಿಯಲ್ಲಿ ಉಳಿಯುವ ಒತ್ತಡವನ್ನು ಬರೆದುಕೊಳ್ಳಬೇಕು.

ಇನ್ನು ಜನರ ವಿಷಯ. ಅಳತೆಪಟ್ಟಿ ಹಿಡಿದ ಅಪರಿಚಿತರು ಲೇತಿನ ಸುತ್ತ ಓಡಾಡತೊಡಗಿದಾಗ ಕೆಲಸಗಾರರಿಗೆ ಮೊದಲ ಬಾರಿಗೆ ಸಂಗತಿ ತಿಳಿಯುವಂತಾಗಬಾರದು. ತನ್ನ ಅನ್ನಕ್ಕೆ ಕುತ್ತು ಬಂದಿತೆಂದು ಬಗೆದವನು ಕೊಕ್ಕೆಯ ಮಾತನ್ನು ಏಕೆ ಹೇಳಿಯಾನು? ನಾವು ಮೇಲೆ ವಿವರಿಸಿದ ಜ್ಞಾನವೆಲ್ಲ ಅವನಲ್ಲಿಯೇ ಇರುವುದು; ಅವನು ಮುಚ್ಚಿಟ್ಟರೆ ಅದನ್ನು ಪಡೆಯುವ ಬೇರೆ ದಾರಿಯಿಲ್ಲ. ಆದುದರಿಂದ ಆ ಜಾಗದ ಜನರನ್ನು ಮುಂದೆ ಯಾವ ಕೆಲಸಕ್ಕೆ ಹಾಕುವರು, ಅದಕ್ಕೆ ಶಿಕ್ಷಣ ಕೊಡುವರೆ, ಸಂಬಳ ಏನಾಗುವುದು ಎಂಬುದನ್ನು ಆಡಳಿತದವರು ಮೊದಲೇ ನಿಶ್ಚಯಿಸಿ ಬಾಯಿಬಿಟ್ಟು ಹೇಳಬೇಕು. ಹೇಳಲು ಇನ್ನೂ ಸಿದ್ಧರಿಲ್ಲದಿದ್ದರೆ ಪರಿಶೀಲನೆಯನ್ನೇ ಮುಂದೂಡುವುದು ಮೇಲು. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಯೂನಿಮೇಟ್ ಎಂಬ ಮೊದಲ ಕೈಗಾರಿಕಾ ಯಂತ್ರಬಾಹುವನ್ನು ಹೂಡಿದುದು ಬಿಸಿ ಎರಕದ ತುಂಡುಗಳನ್ನು ಎತ್ತಿಡಲು. ಅದು ಮನುಷ್ಯನಿಗೆ ಅಪಾಯಕರವಾದ ಕೆಲಸ. ನಿಮ್ಮಲ್ಲಿ ಯಾರಿಗೂ ಬೇಡವಾದ ಕೆಲಸ ಯಾವುದೆಂದು ಕೆಲಸಗಾರರನ್ನೇ ಕೇಳಿದರೆ, ಆಡಳಿತದವರು ಆರಿಸಿದ ಜಾಗಕ್ಕಿಂತ ಉಚಿತವಾದ ಜಾಗ ಸಿಕ್ಕುವುದೂ ಉಂಟು.

ಅಧಿಕಾರಿಗಳಲ್ಲಿಯೂ ಮಾತು ಒಂದಾಗಿರಬೇಕು. ಉತ್ಪಾದನೆಯವರಿಗೆ ವೇಗ ಬೇಕು. ಗುಣಪರೀಕ್ಷೆಯವರಿಗೆ ಪ್ರತಿಯೊಂದು ತುಂಡಿನ ಅಳತೆ ಬೇಕು. ಲೆಕ್ಕಪತ್ರದವರಿಗೆ ಎರಡು ವರ್ಷಗಳಲ್ಲಿ ಹಣ ಹಿಂದಿರುಗಬೇಕು. ಈ ಮೂವರೂ ಪರಿಶೀಲಕರ ಮುಂದೆ ಮೊದಲ ಬಾರಿಗೆ ಚರ್ಚೆಗೆ ತೊಡಗಿದರೆ, ಬಂದವರು ಮೂವರನ್ನೂ ಮೆಚ್ಚಿಸುವ, ಬೆಲೆಯಲ್ಲಿ ಮೂರು ಪಟ್ಟಾದ ಪ್ರಸ್ತಾವವನ್ನು ಕಳಿಸುತ್ತಾರೆ, ಅವರದು ತಪ್ಪಲ್ಲ. ಕಟ್ಟಿದ ವ್ಯವಸ್ಥೆಯನ್ನು ಯಾವ ಅಂಕಿಗಳ ಮೇಲೆ ಒಪ್ಪಿಕೊಳ್ಳುವೆವೆಂಬುದನ್ನು ಮೊದಲೇ ಒಂದು ಪುಟದಲ್ಲಿ ಬರೆದು, ಎಲ್ಲರೂ ರುಜು ಹಾಕಿ, ಹೊರಗಿನವರೊಡನೆ ಮಾತನಾಡಲು ಒಬ್ಬರನ್ನು ನೇಮಿಸುವುದು ಲೇಸು.

ಕೊನೆಯದಾಗಿ ನಮ್ಮದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಇಂಥ ಪರಿಶೀಲನೆಗಾಗಿ ಕಾರ್ಖಾನೆಯೊಂದಕ್ಕೆ ಹೋಗಿದ್ದೆವು. ಅವರು ನಮ್ಮನ್ನು ಗೌರವಿಸಿ ನೆಲವನ್ನು ತೊಳೆಸಿ, ಯಂತ್ರಗಳನ್ನು ಒರೆಸಿ, ಅತ್ಯಂತ ನುರಿತ ಕೆಲಸಗಾರನನ್ನು ನಿಲ್ಲಿಸಿ, ಅಳೆಯಲೆಂದು ಹನ್ನೆರಡು ಸೊಗಸಾದ ತುಂಡುಗಳನ್ನು ಆರಿಸಿಟ್ಟಿದ್ದರು. ನಾವು ಅವನ್ನೇ ಅಳೆದು ಬಂದು ಪ್ರಯೋಗಶಾಲೆಯಲ್ಲಿ ಹಿಡಿಕೆಯೊಂದನ್ನು ತಯಾರಿಸಿದೆವು. ಅದು ಆ ಹನ್ನೆರಡನ್ನು ಬಹು ಚೆನ್ನಾಗಿ ಎತ್ತುತ್ತಿತ್ತು. ಕಾರ್ಖಾನೆಯಲ್ಲಿ ಇಟ್ಟ ಮೊದಲ ದಿನವೇ ಮಧ್ಯಾಹ್ನದ ಒಳಗೆ ಆರೇಳು ತುಂಡುಗಳು ನೆಲಕ್ಕೆ ಬಿದ್ದವು. ಅಂದಿನಿಂದ ಎಲ್ಲಿಗೆ ಹೋದರೂ ಮುಂಚಿತವಾಗಿ ಒಂದು ಬೇಡಿಕೆಯನ್ನು ಕಳಿಸುತ್ತೇವೆ: ಒಂದು ತಿಂಗಳ ಕಾಲ ಕೆಲಸಗಾರರು ಪಕ್ಕಕ್ಕೆ ಎಸೆದ ತುಂಡುಗಳನ್ನು ಗುಜರಿಗೆ ಹಾಕದೆ, ಎಸೆದ ದಿನವನ್ನೂ ಪಾಳಿಯನ್ನೂ ಚೀಟಿಯಲ್ಲಿ ಬರೆದು ಅಂಟಿಸಿ, ಒಂದು ಪೆಟ್ಟಿಗೆಯಲ್ಲಿ ತುಂಬಿಡಬೇಕು. ಅಲ್ಲಿಗೆ ಹೋದೊಡನೆ ನಾವು ಮೊದಲು ತೆರೆಯಿಸುವುದು ಆ ಪೆಟ್ಟಿಗೆಯನ್ನು.