ಬುಗ್ಗೆ ಹಳೆಯದು, ಒಕ್ಕಲು ಹೊಸದು

ಚಿಕ್ಕನಾಯಕನಹಳ್ಳಿ ಗುಡ್ಡಸಾಲಿನ ಅದಿರುಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಕಪ್ಪು ಕಬ್ಬಿಣದ ಒಂದು ಗೆರೆ, ಅದರ ಮೇಲೆ ಕೆಂಪೋ ಬಿಳಿಯೋ ಆದ ಬೆಣಚಿನ ಗೆರೆ, ಮತ್ತೆ ಕಪ್ಪು. ಉಗುರಿನಷ್ಟು ತೆಳುವಾದ ಪದರಗಳೂ ಇರುತ್ತವೆ. ಸುಮಾರು 260 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಒಂದರ ಮೇಲೊಂದು ಕೂತ ಪದರಗಳಿವು. ಅಂದಿನ ಕಡಲನೀರಿನಲ್ಲಿ ಕರಗಿದ್ದ ಕಬ್ಬಿಣದ ಬಹುಪಾಲು ತಳದ ಬಿಸಿನೀರಿನ ಬುಗ್ಗೆಗಳಿಂದ ಬಂದದ್ದು ಎನ್ನುತ್ತಾರೆ ಭೂವಿಜ್ಞಾನಿಗಳು. ಹತ್ತಿರದ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಪ್ರಾಣಿಗಳು ಹುಟ್ಟಲು ಅಲ್ಲಿಂದ ಇನ್ನೂ ಸುಮಾರು 200 ಕೋಟಿ ವರ್ಷ ಬೇಕಿತ್ತು.

ಹಾಗಾದರೆ ಈ ಬುಗ್ಗೆಗಳಿಗೆ ಪ್ರಾಣಿಗಳು ಬಂದು ನೆಲೆಸಿದ್ದು ಯಾವಾಗ, ಎಲ್ಲಿಂದ? ಇದಕ್ಕೆ ಉತ್ತರ ಹುಡುಕಿದ ಕತೆಯ ನಡುವೆ ತೆಂಗಿನಕಾಯಿಯೂ ಬರುತ್ತದೆ. ತಿಪಟೂರು, ತುರುವೇಕೆರೆ ಸೀಮೆಯವರು ಕೇಳಬೇಕಾದ ಕತೆ ಇದು.

1977ರ ಫೆಬ್ರವರಿ 17ರಂದು ಗಲಾಪಗೋಸ್ ದ್ವೀಪಗಳ ಬಳಿ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ನೌಕೆ ಸುಮಾರು 2,500 ಮೀಟರ್ ಆಳಕ್ಕೆ ಇಳಿಯಿತು. ಒಳಗಿದ್ದವರು ಭೂವಿಜ್ಞಾನಿಗಳಾದ ಜಾಕ್ ಕಾರ್ಲಿಸ್, ಚೀರ್ಡ್ ವಾನ್ ಆಂಡೆಲ್ ಮತ್ತು ಚಾಲಕ ಜಾಕ್ ಡಾನೆಲಿ. ಅವರು ಹುಡುಕಿಕೊಂಡು ಹೋದದ್ದು ಬಿಸಿನೀರನ್ನು. ಬಿಸಿನೀರಂತೂ ಸಿಕ್ಕಿತು, ಅದರ ಸುತ್ತ ರಾಶಿ ರಾಶಿ ಕಪ್ಪೆಚಿಪ್ಪು, ಏಡಿಗಳೂ ಕಂಡವು. ಮುಂದಿನ ಇಳಿತಗಳಲ್ಲಿ ಕೆಂಪು ತುದಿಯ ಆಳೆತ್ತರದ ಕೊಳವೆ ಹುಳುಗಳು ಸಿಕ್ಕವು. ಬಿಸಿಲಿನ ಒಂದು ಎಳೆಯೂ ತಲುಪದ ಜಾಗವದು. ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಕೆಡದಂತೆ ಇಡಲು ಫಾರ್ಮಲಿನ್ ಸಾಲದೆ ಕೆಲವು ಜೀವಿಗಳನ್ನು ವೋಡ್ಕಾದಲ್ಲಿ ಅದ್ದಿಟ್ಟರು. ತಂದ ನೀರಿನ ಬಾಟಲಿ ತೆರೆದರೆ ಕೊಳೆತ ಮೊಟ್ಟೆಯ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್.

ಆ ಕೊಳವೆ ಹುಳುವಿಗೆ ಬಾಯಿಯಿಲ್ಲ, ಕರುಳಿಲ್ಲ. 1980ರಲ್ಲಿ ಹಾರ್ವರ್ಡ್‌ನಲ್ಲಿ ಮೆರಿಡಿತ್ ಜೋನ್ಸ್ ಉಪನ್ಯಾಸ ಕೊಡುತ್ತ ಹುಳುವಿನ ಮೈಯೊಳಗೆ ಗಂಧಕದ ಹರಳು ಕಂಡದ್ದನ್ನು ಹೇಳಿದರು. ಕೇಳುತ್ತಿದ್ದ ವಿದ್ಯಾರ್ಥಿನಿ ಕಾಲೀನ್ ಕ್ಯಾವನಾಗೆ ತಟ್ಟನೆ ಹೊಳೆಯಿತು: ಒಳಗೆ ಬ್ಯಾಕ್ಟೀರಿಯಾ ಇರಬೇಕು, ಸಲ್ಫೈಡಿನಿಂದ ಶಕ್ತಿ ಪಡೆದು ಹುಳುವಿಗೆ ಅನ್ನ ಮಾಡಿಕೊಡುತ್ತಿರಬೇಕು. 1981ರಲ್ಲಿ ಅವರ ಪ್ರಬಂಧ ಬಂತು. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದೇ.

ಇಷ್ಟು ವಿಚಿತ್ರ ಜೀವಿಗಳು ಬಹಳ ಪುರಾತನವೇ ಆಗಿರಬೇಕು ಎಂದು ಹಲವರು ನಂಬಿದರು. ಮೇಲಿನ ಲೋಕದಲ್ಲಿ ಪ್ರಳಯಗಳು ಆಗಿಹೋದಾಗ ಆದಿಕಾಲದ ಕುಲಗಳು ಬುಗ್ಗೆಯ ಮರೆಯಲ್ಲಿ ಉಳಿದುಕೊಂಡವು ಎಂಬ ಊಹೆ. ಆದರೆ ಒಂದೊಂದೇ ಹೊಸ ಸಾಕ್ಷಿ ಬರತೊಡಗಿತು. 1984ರಲ್ಲಿ ಫ್ಲಾರಿಡಾ ಕಡಲಾಚೆ, ಬಿಸಿಯೇ ಇಲ್ಲದೆ ತಣ್ಣಗೆ ಒಸರುವ ಜಾಗದಲ್ಲಿ ಇಂಥದೇ ಬಳಗ ಸಿಕ್ಕಿತು. 1987ರಲ್ಲಿ ಕ್ಯಾಲಿಫೋರ್ನಿಯಾ ಬಳಿ ಕ್ರೇಗ್ ಸ್ಮಿತ್ ತಂಡಕ್ಕೆ ತಳ ಸೇರಿದ್ದ ತಿಮಿಂಗಿಲದ ಮೂಳೆಗಳ ಮೇಲೂ ಅದರ ನಂಟರು ಕಂಡರು.

ಇನ್ನು ಮುಳುಗಿದ ಮರ. ನದಿಗಳು ಕೊಚ್ಚಿ ತಂದ ದಿಮ್ಮಿ, ಗರಿ, ಕಾಯಿ ಎಲ್ಲ ಕೊನೆಗೆ ಕಡಲ ತಳ ಸೇರುತ್ತವೆ. ಫಿಲಿಪ್ಪೀನ್ಸ್ ಕಡೆಯ ಆಳಸಮುದ್ರದಲ್ಲಿ ಬಲೆ ಎಳೆದಾಗ ಮರದ ತುಂಡಿನ ಜೊತೆ ತೆಂಗಿನಕಾಯಿಗಳೂ ಬಂದಿವೆ. ಮರ ಕೊಳೆಯುತ್ತ ಒಳಗಿನ ಆಮ್ಲಜನಕ ಮುಗಿಯುತ್ತದೆ. ಆಗ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಬುಗ್ಗೆಯಲ್ಲಿ ಸಿಗುವ ಅದೇ ಆಹಾರ ಇಲ್ಲೂ ತಯಾರು. 2000ದಲ್ಲಿ ಡೇನಿಯಲ್ ಡಿಸ್ಟೆಲ್ ಮತ್ತು ಸಂಗಡಿಗರು ಮರ, ಮೂಳೆಗಳ ಮೇಲೆ ಬದುಕುವ ಪುಟ್ಟ ಪಚ್ಚಿಲೆಗಳ ಡಿಎನ್‌ಎಯನ್ನು ಬುಗ್ಗೆಯ ದೊಡ್ಡ ಪಚ್ಚಿಲೆಗಳದ್ದರ ಜೊತೆ ಹೋಲಿಸಿ, ಇವು ಹತ್ತಿರದ ನಂಟರು ಎಂದು ತೋರಿಸಿದರು. ಮರ, ಮೂಳೆಗಳನ್ನು ಮೆಟ್ಟಿಲು ಮಾಡಿಕೊಂಡು ಈ ಕುಲ ಬುಗ್ಗೆಗೆ ಬಂದಿರಬೇಕು ಎಂಬುದು ಅವರ ವಾದ. ಆ ಪಯಣ ಒಂದೇ ಸಲದ್ದಲ್ಲ, ಮತ್ತೆ ಮತ್ತೆ ನಡೆದದ್ದು ಎಂದು ಆಮೇಲಿನ ಅಧ್ಯಯನಗಳು ಹೇಳಿವೆ.

ರಷ್ಯಾದ ಉರಲ್ ಪರ್ವತದ ಯಾಮನ್ ಕಾಸಿ ಎಂಬಲ್ಲಿ ಸುಮಾರು 43 ಕೋಟಿ ವರ್ಷ ಹಳೆಯ ಬುಗ್ಗೆಯ ಪಳೆಯುಳಿಕೆಗಳಿವೆ. 1997ರಲ್ಲಿ ಕ್ರಿಸ್ಪಿನ್ ಲಿಟ್ಲ್ ತಂಡ ಅವುಗಳನ್ನು ವಿವರಿಸಿತು. ಅಲ್ಲಿದ್ದ ಬ್ರಾಕಿಯೊಪಾಡ್ ಚಿಪ್ಪುಜೀವಿಗಳು ಇಂದಿನ ಬುಗ್ಗೆಗಳಲ್ಲಿಲ್ಲ. ಇಂದಿನವುಗಳಲ್ಲಿ ಹಲವು ಕುಲಗಳು 10 ಕೋಟಿ ವರ್ಷಗಳಿಂದ ಈಚಿನವು ಎಂದು ಡಿಎನ್‌ಎ ಲೆಕ್ಕ ಹೇಳುತ್ತದೆ. ಬುಗ್ಗೆ ಹಳೆಯದಾದರೂ ಒಕ್ಕಲು ಬದಲಾಗುತ್ತಲೇ ಬಂದಿದೆ.

ನಮ್ಮ ನೀರಿಗೂ ಈ ಲೋಕಕ್ಕೂ ನಂಟಿದೆ. ಬೋರನಕಣಿವೆಯ ಸುವರ್ಣಮುಖಿ ವೇದಾವತಿ ಸೇರಿ, ತುಂಗಭದ್ರೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ನದಿಗಳು ಯುಗಯುಗಗಳಿಂದ ಹೊತ್ತು ಹಾಕಿದ ಹೂಳಿನೊಳಗಿನ ಸಾವಯವ ವಸ್ತು ಕೊಳೆತು ಮೀಥೇನ್ ಆಗಿ ಒಸರುತ್ತದೆ. ಕೃಷ್ಣಾ-ಗೋದಾವರಿ ಜಲಾನಯನದ ಕಡಲ ತಳದಲ್ಲಿ ಅಂಥ ಜೀವಂತ ಒಸರನ್ನು, ಅದನ್ನೇ ನಂಬಿ ಬದುಕುವ ಪ್ರಾಣಿಗಳನ್ನು ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 2018ರಲ್ಲಿ ‘ಸಿಂಧು ಸಾಧನಾ’ ಹಡಗಿನಿಂದ ಕಂಡರು.

ಹಿಂದೂ ಮಹಾಸಾಗರದ ಬುಗ್ಗೆಗಳಲ್ಲಿ ಪಾದದ ಮೇಲೆ ಕಬ್ಬಿಣದ ಸಲ್ಫೈಡಿನ ಹುರುಪೆ ಹೊತ್ತ ಬಸವನಹುಳುವಿದೆ. 2001ರಲ್ಲಿ ಪತ್ತೆಯಾದ ಅದು ಗಣಿಗಾರಿಕೆಯ ಭಯದಿಂದಾಗಿ 2019ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಅದೇ ಸಾಗರದ ಏಣುಗಳಲ್ಲಿ 10,000 ಚದರ ಕಿ.ಮೀ. ಜಾಗದಲ್ಲಿ ಲೋಹದ ಸಲ್ಫೈಡ್ ಅನ್ವೇಷಿಸಲು ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೂ ನಮ್ಮ ಗುಡ್ಡಗಳ ಅದಿರಿನ ಕೆಂಧೂಳು ತೆಂಗಿನ ಗರಿಯ ಮೇಲೆ ಕೂರುವುದನ್ನು ಕಂಡವರು ನಾವು. ಕಡಲ ತಳವನ್ನು ಅಗೆಯುವ ಮಾತು ಬಂದಾಗ, ಅಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ಪೂರ್ತಿ ತಿಳಿದುಕೊಳ್ಳಿ ಎಂದು ಸರ್ಕಾರವನ್ನು ಕೇಳುವ ಹಕ್ಕು ಈ ಸೀಮೆಗಿದೆ. ಕೇಳೋಣ.