ಕಾಜಾಣದ ಸುತ್ತ ಬಿಳಿ ಗೆರೆ ಬಂದದ್ದು ಹೇಗೆ?



ಹೋದ ತಿಂಗಳು ಇದೇ ಗೋಡೆಪತ್ರಿಕೆಯಲ್ಲಿ ನಾನು ತೆಗೆದ ಕಾಜಾಣದ ಫೋಟೋ ಅಂಟಿಸಿದ್ದೆವು. ಎಮ್ಮೆ ಬೆನ್ನ ಮೇಲೆ ಕೂತಿತ್ತಲ್ಲ, ಅದೇ. ಹಕ್ಕಿಯ ಸುತ್ತ ಬೆಳ್ಳಗೆ ಗೆರೆ ಇರುವುದನ್ನು ನೋಡಿ, "ಕ್ಯಾಲೆಂಡರಿನ ಹಕ್ಕಿ ಕತ್ತರಿಸಿ ಅಂಟಿಸಿದ್ದೀಯ" ಅಂತ ಕೆಲವರು ನಕ್ಕರು. ಎರಡು ದಿನ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಹಕ್ಕಿಯೂ ನಿಜ, ಎಮ್ಮೆಯೂ ನಿಜ (ನಮ್ಮ ದೊಡ್ಡಪ್ಪನ ಮನೇದು). ಆ ಗೆರೆ ಮಾತ್ರ ನನ್ನ ತಪ್ಪಿನಿಂದ ಬಂದದ್ದು.

ಕ್ಯಾಮರಾ, ಲ್ಯಾಪ್‌ಟಾಪ್ ಎರಡೂ ನನ್ನ ಸೋದರಮಾವನದು. ಅದರಲ್ಲಿ ತೆಗೆದ ಫೋಟೋ ಅಡ್ಡಕ್ಕೆ 4000, ಎತ್ತರಕ್ಕೆ 3000 ಚುಕ್ಕಿ ಇರುತ್ತದೆ. ಗುಣಿಸಿದರೆ 1 ಕೋಟಿ 20 ಲಕ್ಷ! ಈ ಚುಕ್ಕಿಗೆ ಪಿಕ್ಸೆಲ್ ಅಂತಾರೆ. ಇಂಟರ್‌ನೆಟ್ಟಿಗೆ ಹಾಕಲು ಅಷ್ಟು ಬೇಡ, 1200ಕ್ಕೆ 900 ಸಾಕು. ಹಾಗೆ ಚಿಕ್ಕದು ಮಾಡುವಾಗ ಸುಮಾರು 11 ಚುಕ್ಕಿ ಸೇರಿ ಒಂದಾಗುತ್ತವೆ. ಗರಿಯ ಎಳೆಗಳು ಬೆರೆತು ಚಿತ್ರ ಸ್ವಲ್ಪ ಮಂಕಾಗುತ್ತದೆ. ಅದಕ್ಕೇ ಚಿಕ್ಕದು ಮಾಡಿದ ಮೇಲೆ, ಕೊನೆಗೆ ಶಾರ್ಪ್ ಮಾಡಬೇಕು. ನಾನು ಆತುರಗಾತಿ, ಮೊದಲೂ ಮಾಡಿದೆ, ಕೊನೆಗೂ ಮಾಡಿದೆ.

ಶಾರ್ಪ್ ಮಾಡುವುದು ಎಂದರೇನು? ಸಮಾಜ ನೋಟ್‌ಬುಕ್ಕಿನಲ್ಲಿ ಭಾರತದ ನಕ್ಷೆ ಬರೆದು ಕರಾವಳಿ ಉದ್ದಕ್ಕೂ ನೀಲಿ ಪೆನ್ಸಿಲ್ ಒತ್ತಿ ತಿಕ್ಕುತ್ತೇವಲ್ಲ? ಆಗ ನೆಲ ಎದ್ದು ಕಾಣುತ್ತದೆ. ನೆಲ ಮೊದಲಿದ್ದ ಹಾಗೇ ಇದೆ, ಅಂಚು ಮಾತ್ರ ಗಾಢವಾಯಿತು. ಕಂಪ್ಯೂಟರ್ ಮಾಡೋದೂ ಇದನ್ನೇ. ಅಂಚಿನ ಕಪ್ಪು ಕಡೆಯನ್ನು ಇನ್ನೂ ಕಪ್ಪು, ಬಿಳಿ ಕಡೆಯನ್ನು ಇನ್ನೂ ಬಿಳಿ ಮಾಡುತ್ತದೆ. ಅಂಚು ಹುಡುಕುವ ಉಪಾಯ ನನಗೆ ಬಹಳ ಹಿಡಿಸಿತು. ಚಿತ್ರದ ಒಂದು ಮಸುಕು ಪ್ರತಿ ಮಾಡಿ ಅದನ್ನು ಅಸಲು ಚಿತ್ರದಿಂದ ಕಳೆಯುತ್ತದೆ. ಉಳಿಯುವುದೇ ಅಂಚು. ಅದನ್ನು ಅಸಲಿಗೆ ಕೂಡಿಸುತ್ತದೆ. ಚೂಪು ಮಾಡಲು ಮಸುಕು ಬೇಕು, ನೋಡಿ! ಆದ್ದರಿಂದಲೇ ಇದರ ಹೆಸರು ಅನ್‌ಶಾರ್ಪ್ ಮಾಸ್ಕ್. ರೀಲಿನ ಕಾಲದಲ್ಲೂ ನೆಗೆಟಿವ್ ಜೊತೆ ಮಸುಕು ಪ್ರತಿ ಇಟ್ಟು ಹೀಗೆ ಮಾಡುತ್ತಿದ್ದರು.

ಮಾವ ಬಳಸುವುದು ಜಿಂಪ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ರೇಡಿಯಸ್ ಎಂದರೆ ಗೆರೆ ಎಷ್ಟು ದಪ್ಪ, ಅಮೌಂಟ್ ಎಂದರೆ ಎಷ್ಟು ಜೋರು. ನಾನು ರೇಡಿಯಸ್ 5, ಅಮೌಂಟ್ 3 ಇಟ್ಟಿದ್ದೆ. ಕಾಜಾಣ ಕರೀದು, ಹಿಂದೆ ಬೆಳ್ಳನೆ ಆಕಾಶ. ಗೆರೆ ಬರದೆ ಇರುತ್ತಾ?

ಇನ್ನೊಂದು ತಪ್ಪು ನಿಮಗೆ ಯಾರಿಗೂ ಕಾಣಲಿಲ್ಲ. ಕಣ್ಣು ಕಾಣಲಿ ಎಂದು ಕಪ್ಪು ಮೈಯನ್ನು ತಿಳಿ ಮಾಡಿದೆ. ಮೈಮೇಲೆಲ್ಲ ಮರಳಿನಂಥ ಕಾಳು ಎದ್ದವು, ಅವೂ ಶಾರ್ಪ್ ಆದವು. ಕಾಜಾಣದ ಕೊಕ್ಕಿನ ಬುಡದಲ್ಲಿ ಒಂದು ಪುಟ್ಟ ಬಿಳಿ ಚುಕ್ಕೆ ಇರುತ್ತದೆ, ಅದು ಅದರ ಗುರುತು. ನನ್ನ ಫೋಟೋದಲ್ಲಿ ಅದು ಯಾವುದು ಎಂದು ನನಗೇ ತಿಳಿಯಲಿಲ್ಲ. ಮಾವ ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ ಹಾಕುತ್ತಾರೆ. ಅಲ್ಲಿ ಫೋಟೋ ನೋಡಿಯೇ ಬೇರೆಯವರು ಹೆಸರು ಗುರುತಿಸುವುದು. "ಇದನ್ನ ಹಾಕಿದ್ರೆ ಅವರಿಗೆ ಮೋಸ ಮಾಡಿದ ಹಾಗಾಗುತ್ತೆ ಕಣೇ" ಅಂದರು.

ಪುಣ್ಯಕ್ಕೆ ಅಸಲು ಫೋಟೋ ಹಾಗೇ ಇತ್ತು. ಜೆಪೆಗ್ ಫೋಟೋ ತಿದ್ದಿ ತಿದ್ದಿ ಉಳಿಸಿದಷ್ಟೂ ಸ್ವಲ್ಪ ಸ್ವಲ್ಪ ಕೆಡುತ್ತದೆ, ಅದಕ್ಕೆ ಅಸಲನ್ನು ಮುಟ್ಟಬಾರದು. ಈ ಸಲ ಚಿಕ್ಕದು ಮಾಡಿ, ಆಕಾಶ ಬಿಟ್ಟು ಹಕ್ಕಿಯನ್ನಷ್ಟೇ ಆರಿಸಿ, ರೇಡಿಯಸ್ 0.5, ಅಮೌಂಟ್ 0.6 ಇಟ್ಟೆ. ಬಿಳಿ ಚುಕ್ಕೆ ಕಂಡಿತು! ಹಾರುವಾಗ ತೆಗೆದ ಇನ್ನೊಂದರಲ್ಲಿ ಕಣ್ಣೇ ಕದಡಿತ್ತು. ಅದಕ್ಕೆ ಏನು ಮಾಡಿದರೂ ಕಣ್ಣು ಬರಲಿಲ್ಲ, ಗೆರೆಯೇ ಬಂತು. ಅಳಿಸಿಬಿಟ್ಟೆ.

ಹಳೆಯದು, ಹೊಸದು ಎರಡನ್ನೂ ಕೆಳಗೆ ಅಂಟಿಸಿದ್ದೇನೆ. ಇನ್ನೂ ಅನುಮಾನ ಇದ್ದವರು ಸಂಜೆ ದೊಡ್ಡಪ್ಪನ ಕೊಟ್ಟಿಗೆಗೆ ಬನ್ನಿ. ಎಮ್ಮೆಯಂತೂ ಇರುತ್ತದೆ. ಕಾಜಾಣ ಬರುವುದು ಅದರ ಇಷ್ಟ.